ಒಂಬತ್ತು ದಿನದ ಸಿಲಿಂಡರ್

"ಮಧ್ಯಾಹ್ನ ಊಟಾದ ಮ್ಯಾಲ ಅಡಗಿಮನಿ ಕಡೆ ಸುಳೀಬ್ಯಾಡ್ರಿ ಅವ್ವಾರ," ಎಂದಳು ಸತ್ತೆವ್ವ. ಮಾತನ್ನು ಕೊಟ್ಟಿಗೆಯ ಗೋಡೆಗೆ ಹೇಳಿದಂತಿತ್ತು. ದ್ರೌಪದಿಯ ಮುಖ ನೋಡುವ ಧೈರ್ಯ ಆ ಆಳುಮುದುಕಿಗಿರಲಿಲ್ಲ. ಸಗಣಿ ಬುಟ್ಟಿ ಎತ್ತಿಕೊಂಡಳು.

"ಯಾಕ, ನಿಮ್ಮೂರ ದೆವ್ವ ಹಗಲ ಡ್ಯೂಟಿ ಮಾಡತಾವೇನು?" ದ್ರೌಪದಿ ನಕ್ಕಳು.

ನಗುವಂಥ ದಿನವೇನೂ ಅದಾಗಿರಲಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗಳು ಪಾಲಬಾವಿಯ ಈ ಕಬ್ಬಿನ ಮನೆತನಕ್ಕೆ ಎರಡನೆಯ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಗಂಡ ಬಾಬಾಸಾಹೇಬನ ಮೊದಲ ಹೆಂಡತಿ ಚನ್ನವ್ವ ಎರಡು ವರ್ಷದ ಹಿಂದೆ, ತೊಂಬತ್ತರಲ್ಲಿ, ಸೀಮೆಎಣ್ಣೆ ಸ್ಟೋ ಸಿಡಿದು ಸತ್ತಳೆಂದು ಹೇಳಿಯೇ ಹೆಣ್ಣು ಕೇಳಿದ್ದರು. ಈ ಮದುವೆಗೆಂದು ಹಳೆಯ ಮಣ್ಣಿನ ಒಲೆಯ ಮೇಲೆಯೇ ಸಿಮೆಂಟಿನ ಕಟ್ಟೆ ಕಟ್ಟಿಸಿ, ಗ್ಯಾಸ್ ಕೂರಿಸಿದ್ದರು. ಮೊದಲ ರೊಟ್ಟಿಯ ಚೂರನ್ನು ದಿನಾ ಬೆಂಕಿಗೆ ಹಾಕಬೇಕೆಂದು ಅತ್ತೆ ಶಿವಗಂಗವ್ವ ಬಂದ ದಿನವೇ ತಾಕೀತು ಮಾಡಿದ್ದಳು. ಬರ್ನರ್ ಕಟ್ಟಿಕೊಳ್ಳುತ್ತದೆಂದು ದ್ರೌಪದಿ ಆ ಚೂರನ್ನು ಎಮ್ಮೆಗೆ ಹಾಕುತ್ತ ಬಂದಿದ್ದಳು. ಅತ್ತೆಗೆ ಹೇಳುವ ಉಸಾಬರಿ ಅವಳಿಗೆ ಬೇಕಿರಲಿಲ್ಲ.

ಸಮಸ್ಯೆ ಬೇರೆಯೇ ಇತ್ತು. ಆಳುಗಳೂ ಸೇರಿ ಐದು ಜನರ ಮನೆಗೆ ಒಂದೂವರೆ ತಿಂಗಳು ಬಾಳಬೇಕಾದ ಸಿಲಿಂಡರ್ ಒಂಬತ್ತೇ ದಿನಕ್ಕೆ ಮುಗಿಯುತ್ತಿತ್ತು. ಕಂಡಕಂಡವರ ಸಿಲಿಂಡರ್ ಬೇಡಿ, ಮುಗಳಖೋಡದಿಂದ ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದು ಬಾಬಾಸಾಹೇಬ ರೋಸಿಹೋಗಿದ್ದ. ಹತ್ತನೆಯದನ್ನು ಇಳಿಸಿದ ದಿನ ಶಿವಗಂಗವ್ವ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಬೀಡಿ ಹೊಗಿ ಕುಡದ ಬೆಳದಾಕಿ, ಈಗ ಗ್ಯಾಸ್ ಕುಡ್ಯಾಕತ್ತಾಳ, ಇಲ್ಲಾ ಕದ್ದು ಮಾರಾಕತ್ತಾಳ. ಇದೂ ಒಂಬತ್ತ ದಿನಕ್ಕ ಮುಗೀತಂದ್ರ ನಿನ್ನ ಟ್ರಂಕ್ ನಿಪ್ಪಾಣಿ ಬಸ್ಸಿನ್ಯಾಗ ಇರತೈತಿ ನೋಡ."

ಬಾಬಾಸಾಹೇಬ ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದ. ಆ ಮನೆಯ ಗಂಡಸರಿಗೆ ಹೊಲ ನೆನಪಾಗುತ್ತಿದ್ದುದೇ ಇಂಥ ಹೊತ್ತಿನಲ್ಲಿ. ತವರಿಗೆ ಕಳ್ಳಿಯೆಂಬ ಹೆಸರು ಹೊತ್ತು ಹೋದರೆ ತಾಯಿ ಬದುಕುವುದಿಲ್ಲ. ದ್ರೌಪದಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗ್ಯಾಸ್ ಎಲ್ಲಿಗೆ ಹೋಗುತ್ತದೆಂದು ಹಿಡಿದೇ ತೀರುತ್ತೇನೆ ಎಂದುಕೊಂಡಳು.

ಕೊಳವೆಗೆ ಸಾಬೂನಿನ ನೊರೆ ಹಚ್ಚಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಕೊಳವೆಯನ್ನೇ ಬದಲಿಸಿದಳು. ನಿಪ್ಪಾಣಿಯ ಚಹಾದಂಗಡಿಯವನು ಮಾಡುತ್ತಿದ್ದಂತೆ ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸಿದಳು. ಗ್ಯಾಸ್ ಇರುವಷ್ಟು ಭಾಗ ತಡವಾಗಿ ಆರುತ್ತದೆ. ಆ ಮಟ್ಟಕ್ಕೆ ಸುಣ್ಣದ ಗೆರೆ ಎಳೆದಳು. ರಾತ್ರಿಯೆಲ್ಲ ಗೆರೆ ಇದ್ದಲ್ಲೇ ಇತ್ತು. ಬೆಳಗಿನ ಅಡುಗೆಗೆ ಕೂದಲೆಳೆಯಷ್ಟು ಇಳಿಯಿತು. ಮಧ್ಯಾಹ್ನ ಊಟವಾಗಿ, ಒಲೆ ಆರಿಸಿ, ಮೂರಕ್ಕೆ ಬಂದು ನೋಡಿದರೆ ನಾಲ್ಕು ಬೆರಳು ಕೆಳಗಿತ್ತು.

ಎಂಟನೆಯ ದಿನ ಗಂಡ ಹೊಲದಲ್ಲಿದ್ದ, ಅತ್ತೆ ಸಂತೆಗೆ ಹೋದಳು. ದ್ರೌಪದಿ ಊಟದ ತಾಟು ತೊಳೆದಿಟ್ಟು, ಅಡುಗೆಮನೆಯಲ್ಲೇ ಒಳಕಲ್ಲಿನ ಪಕ್ಕ ಕುಳಿತಳು. ಕಿಟಕಿಯಿಲ್ಲದ ಕೋಣೆ. ಹಗಲು ಕರೆಂಟಿರುತ್ತಿರಲಿಲ್ಲ. ಹಿತ್ತಲ ಬಾಗಿಲ ಸಂದಿಯಿಂದ ಒಂದು ಗೆರೆ ಬಿಸಿಲು ಬಿದ್ದಿತ್ತು. ಹೊರಗೆ ಎಮ್ಮೆ ಮೆಲುಕು ಹಾಕುವ ಸದ್ದು. ಆಮೇಲೆ ಅದೂ ನಿಂತಿತು.

ಒಲೆಯ ತಿರುಪು ಕಟಕ್ಕನೆ ತಿರುಗಿತು.

ಯಾರೂ ಇರಲಿಲ್ಲ. ಗ್ಯಾಸ್ ಬುಸುಗುಟ್ಟಿತು. ಗ್ಯಾಸಿನ ವಾಸನೆ ಮಾತ್ರ ಇಲ್ಲ. ಸುಟ್ಟ ಕೂದಲಿನ ವಾಸನೆ ಬಂತು. ಕಟ್ಟೆಯ ಮೇಲೆ ಚೆಲ್ಲಿದ್ದ ಜೋಳದ ಹಿಟ್ಟು ತಾನಾಗಿ ಸರಿಯತೊಡಗಿತು. ಕಟ್ಟೆಗೂ ಗೋಡೆಗೂ ನಡುವಿನ ಬಿರುಕಿನೊಳಗೆ ಸರಿದು ಮಾಯವಾಯಿತು. ಬಿರುಕು ಉಸಿರೆಳೆದುಕೊಳ್ಳುತ್ತಿತ್ತು. ದ್ರೌಪದಿ ಹಾರಿಹೋಗಿ ತಿರುಪು ಹಿಡಿದಳು. ಅವಳ ಬೆರಳುಗಳನ್ನು ಇನ್ನೊಂದು ಕೈಯ ಬೆರಳುಗಳು ಹಿಂದಕ್ಕೆ ತಿರುವಿದವು. ಆ ಬೆರಳುಗಳಿಗೆ ಚರ್ಮವಿರಲಿಲ್ಲ.

ಕೊಟ್ಟಿಗೆಗೆ ಓಡಿ ಸತ್ತೆವ್ವನ ಸೆರಗು ಹಿಡಿದಳು. "ಅಲ್ಲಿ ಯಾರದಾರ, ಹೇಳ."

ಮುದುಕಿ ಸಗಣಿ ಬುಟ್ಟಿ ಕೆಳಗಿಟ್ಟಳು. "ಚನ್ನವ್ವಾರು. ನಾಕ್ ವರ್ಷಾದ್ರೂ ಮಕ್ಕಳಾಗಲಿಲ್ಲಂತ... ಸ್ಟೋ ಸಿಡದಿಲ್ಲರಿ. ಎಣ್ಣಿ ಸುರದು, ಹೊರಗಿಂದ ಚಿಲಕ ಹಾಕಿದ್ಲು ನಿಮ್ಮತ್ತಿ. ಪಡಸಾಲ್ಯಾಗ ನಿಮ್ಮ ಗಂಡ ಕುಂತಿದ್ದ. ಆಮ್ಯಾಲ ಆಕಿ ಕಾಡತಾಳಂತ ಮಾಟಗಾರನ್ನ ಕರಿಸಿ, ಗಡಿಗ್ಯಾಗ ಹಾಕಿ ಒಲಿ ಬುಡಕ ಕಟ್ಟಿಸಿದ್ರು. ದಿನಾ ಬೆಂಕ್ಯಾಗ ತುತ್ತು ಹಾಕಿದ್ರ ಸುಮ್ಮ ಇರತಾಳ ಅಂದಿದ್ದ. ತುತ್ತು ತಪ್ಪಿದ್ರ, ಒಲ್ಯಾಗ ಇದ್ದದ್ದನ್ನ ತಾನ ತಗೋತಾಳ."

"ಎಲ್ಲಾ ಗೊತ್ತಿದ್ದು ಒಂದ್ ಮಾತ ಒದರಾಕ ಆಗಲಿಲ್ಲೇನ ನಿನಗ?"

"ಕೂಲಿ ಮಾಡಾಕಿ ನಾ," ಎಂದಳು ಸತ್ತೆವ್ವ.

ದ್ರೌಪದಿಯ ಹೆದರಿಕೆ ಅಲ್ಲಿಗೇ ಸುಟ್ಟುಹೋಯಿತು. ಕೊಂದದ್ದು ಸಾಲದೆಂದು ಸತ್ತವಳನ್ನೂ ಅಡುಗೆಮನೆಯಲ್ಲೇ ಕೂಡಿಹಾಕಿದ್ದರಲ್ಲ, ಈ ಮರ್ಯಾದಸ್ಥರು. ಅದರ ಮೇಲೆ ಕಳ್ಳಿಯ ಪಟ್ಟ ತನಗೆ. ಹಾರೆ ಎತ್ತಿಕೊಂಡಳು. ಸಿಲಿಂಡರ್ ಮುಚ್ಚಿ ಹೊರಗೆ ಉರುಳಿಸಿದಳು. ಒಲೆಯನ್ನು ನೆಲಕ್ಕಿಳಿಸಿ ಕಟ್ಟೆಗೆ ಹೊಡೆದಳು. ಸಿಮೆಂಟು ಒಡೆಯಿತು. ಹಳೆಯ ಮಣ್ಣು ಒಡೆಯಿತು. ಬೂದಿಯ ಕೆಳಗೆ ಕರಿ ಗಡಿಗೆಯೊಂದು ಕುಳಿತಿತ್ತು. ಬಾಯಿಗೆ ಮೇಣ, ಕೆಂಪು ಬಟ್ಟೆ, ಸುತ್ತಲೂ ಚುಚ್ಚಿದ ಸೂಜಿಗಳು.

"ಹೋಗವಾ," ಎಂದು ಹಾರೆ ಇಳಿಸಿದಳು.

ಗಡಿಗೆ ಒಡೆಯಿತು. ಹಸಿರು ಬಳೆಯ ಚೂರು, ಅರ್ಧ ಸುಟ್ಟ ಜಡೆ. ನಂತರ ಆ ಬುಸುಗುಟ್ಟುವ ಸದ್ದು. ನಿಲ್ಲಲೇ ಇಲ್ಲ. ಪಾದಕ್ಕೆ ತಣ್ಣಗೆ ತಾಗಿತು. ಮೊಣಕಾಲಿಗೆ ಏರಿತು. ಸೊಂಟಕ್ಕೆ ಬಂತು. ಅವಳಿಗೆ ಆಗ ಹೊಳೆಯಿತು. ಚನ್ನವ್ವ ಏನನ್ನೂ ಉರಿಸಿರಲಿಲ್ಲ. ಹತ್ತು ಸಿಲಿಂಡರಿನ ಗ್ಯಾಸು ಹೀರಿ, ಉಸಿರು ಬಿಗಿಹಿಡಿದು ಕುಳಿತಿದ್ದಳು.

ದ್ರೌಪದಿ ಹಿತ್ತಲ ಬಾಗಿಲು ದೂಡಿ ಓಡಿದಳು. ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು. ಎಮ್ಮೆಯ ನೀರಿನ ಬಾನಿಯ ಹತ್ತಿರ ಬಿದ್ದು, ಎದ್ದು, ತಿರುಗಿದಳು.

ಒಳಗೆ ಅತ್ತೆಯ ದನಿ ಕೇಳಿಸಿತು. ಸಂತೆಯಿಂದ ಬಂದುಬಿಟ್ಟಿದ್ದಳು.

"ಎಲ್ಲಿ ಸತ್ತಿಯಬೇ? ಚಾ ಇಡ. ಏನಿದು, ಕಾಲಿಗೆ ಕಲ್ಲ ಹತ್ತಾಕತ್ತಾವ. ಕಡ್ಡಿಪೆಟಗಿ ಎಲ್ಲೈತಿ?"

ಬಾಗಿಲ ಸಂದಿಯಿಂದ ಬೆಂಕಿಪೆಟ್ಟಿಗೆ ಅಲುಗಾಡಿದ ಸದ್ದು. ಕಡ್ಡಿ ಕೊರಿಬ್ಯಾಡ್ರಿ. ಒಂದೇ ಮಾತು. ಗಂಟಲಿನ ತನಕ ಬಂದಿತ್ತು. ಬಾಯಿ ತೆರೆದಳು.

ಬಾಯಿಯ ಮೇಲೆ ಒಂದು ಕೈ ಬಂದು ಕೂತಿತು. ಬಿಸಿ ಕೈ. ಬಿಗಿಯಾದ ಕೈ.

ಕಡ್ಡಿ ಗೀರಿದ ಸದ್ದು.

ಹೆಂಚುಗಳೆಲ್ಲ ಒಮ್ಮೆಲೇ ಆಕಾಶಕ್ಕೆ ಹಾರಿದವು.

ಸಂಜೆಗೆ ಪೊಲೀಸರು ಬಂದು, ಗ್ಯಾಸ್ ಸೋರಿ ಶಿವಗಂಗವ್ವ ಸತ್ತಳೆಂದು ಬರೆದುಕೊಂಡು ಹೋದರು. ಮಾಡಿದ್ದುಣ್ಣೋ ಮಹರಾಯ ಎಂದು ಊರು ಪಿಸುಗುಟ್ಟಿತು. ಬಾಬಾಸಾಹೇಬ ಕೆಂಪುಗಣ್ಣಲ್ಲಿ ಬಂದು ಹೆಂಡತಿಯೆದುರು ಕುಕ್ಕರಿಸಿದ.

"ಹಿತ್ತಲದಾಗ ಇದ್ದಿಯಲ್ಲ. ಒಂದ್ ಸಲ ಒದರಬೇಕಿತ್ತ."

"ಒದರೂದ್ರಾಗ ಇದ್ದೆರಿ. ಚನ್ನವ್ವ ನನ್ನ ಬಾಯಿ ಮುಚ್ಚಿದ್ಲು," ಎಂದಳು ದ್ರೌಪದಿ. ಅವಳು ಅದನ್ನು ನಂಬಿದ್ದಳು. ಅವನೂ ನಂಬಿದ, ಬಿಳಿಚಿಕೊಂಡು ಎದ್ದು ಹೋದ.

ಮೈಮೇಲಿನ ಬೂದಿ ತೊಳೆಯಲು ಅವಳು ಹಿತ್ತಲ ಬಚ್ಚಲಿಗೆ ಹೋದಳು. ನೀರು ತಾಗಿದೊಡನೆ ಬಲಗೈ ಚುರುಗುಟ್ಟಿತು. ಬೆಳಕಿಗೆ ಹಿಡಿದು ನೋಡಿದಳು. ಅಂಗೈಯಲ್ಲಿ ರಕ್ತ ಬರುವಷ್ಟು ಆಳವಾಗಿ, ಅವಳವೇ ಹಲ್ಲುಗಳ ಗುರುತುಗಳು ಮೂಡಿದ್ದವು.