ಅಪ್ಪನ ಕೈಗೆ ಒಗ್ಗದ ಬ್ರಷ್

"ಬಾಯಿ ತೆರೀಬೇಡಿ!"

ಅವನು ಕೂಗುವುದಕ್ಕೂ, ಅವಳು "ಯಾಕೆ?" ಎಂದು ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಬ್ರಷ್ಷು ಗುಂಯ್ಯೆಂದು ತಿರುಗುತ್ತಲೇ ಇತ್ತು. ನೊರೆಯೆಲ್ಲ ಹಾರಿ ಅವನ ಕನ್ನಡಕದ ಮೇಲೆ, ಅಂಗಿಯ ಮೇಲೆ!

ಅವಳು ಗ್ರಾಹಕರ ಪತ್ರಿಕೆಯೊಂದಕ್ಕೆ ಮನೆಬಳಕೆಯ ಯಂತ್ರಗಳನ್ನು ಪರೀಕ್ಷಿಸಿ ವರದಿ ಬರೆಯುವವಳು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು... ಯಾವುದಕ್ಕೂ ಅವಳ ಕೈಯಲ್ಲಿ ಪಾಸಾಗುವುದು ಸುಲಭವಿರಲಿಲ್ಲ. ಅವನು ಈ ಹೊಸ ಎಲೆಕ್ಟ್ರಿಕ್ ಬ್ರಷ್ಷನ್ನು ರೂಪಿಸಿದ ಎಂಜಿನಿಯರ್. ಬಳಸುವ ಬಗೆ ತೋರಿಸಲು ಕಂಪನಿ ಕಳಿಸಿತ್ತು.

"ಆಫ್ ಮಾಡಿದ ಮೇಲೇ ಬಾಯಿ ತೆರೀಬೇಕು," ಕನ್ನಡಕ ಒರೆಸಿಕೊಳ್ಳುತ್ತಾ ಅವನೆಂದ. "ಮತ್ತೆ ನೀವು ತುಂಬಾ ಒತ್ತಿ ಉಜ್ತೀರ. ಅದಕ್ಕೇ ಕೆಂಪು ದೀಪ ಬಂತು. ಇನ್ನೂ ಒತ್ತಿದ್ರೆ ನಿಂತೇ ಹೋಗುತ್ತೆ."

"ಹಲ್ಲು ಬಂದಾಗಿನಿಂದ ಉಜ್ತಿದೀನಿ ಸ್ವಾಮಿ. ಯಾರೂ ದೀಪ ಹಚ್ಚಿ ಬೈದಿರಲಿಲ್ಲ!"

ಅವನು ನಕ್ಕುಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು. 'ನಗ್ತಾನೆ ನೋಡು... ಹಲ್ಲನ್ನೂ ಇವನೇ ಕಂಡುಹಿಡಿದ ಹಾಗೆ!'

ಪರೀಕ್ಷೆ ಮುಗಿಯುವ ತನಕ ಅವನು ಪತ್ರಿಕೆಯ ಕಚೇರಿಯಲ್ಲಿದ್ದ ಅವಳ ಕೋಣೆಗೆ ಬರುತ್ತಲೇ ಇದ್ದ. ಉಜ್ಜುವಾಗ ಫೋನಿನಲ್ಲಿ ಬಾಯಿಯ ನಕ್ಷೆ ಮೂಡುತ್ತಿತ್ತು. ಉಜ್ಜದೆ ಬಿಟ್ಟ ಜಾಗ ಮಸುಕಾಗಿ ಕಾಣುತ್ತಿತ್ತು. ಅವಳು ಎಷ್ಟು ತಿಣುಕಿದರೂ ಎಡಗಡೆಯ ಕೆಳದವಡೆ ಮಸುಕೋ ಮಸುಕು. ಸಿಟ್ಟಿನಲ್ಲಿ ಅವಳು ಹತ್ತು ತಪ್ಪು ಹುಡುಕುವಳು, ಅವನು ಚಹಾ ಆರುವವರೆಗೂ ಉತ್ತರ ಹೇಳುವನು.

ಹಲ್ಲು ಚೊಕ್ಕಟವಾಗುತ್ತದೆ, ಬ್ಯಾಟರಿ ಗಟ್ಟಿ ಎಂದು ಅವಳೂ ಒಪ್ಪಿದಳು. ಬರಬರುತ್ತಾ, ಅವನು ಬಾರದ ದಿನ ಆ ಕೋಣೆಯೇ ಭಣಗುಟ್ಟತೊಡಗಿತು... ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹಾಗಿರುವಾಗ ಅಂಥದೇ ಬ್ರಷ್ಷೊಂದನ್ನು ಮನೆಗೆ, ಅಪ್ಪನಿಗೂ ತಂದಳು. ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಬಲಗೈ ನಡುಗುತ್ತಿತ್ತು. ಹಲ್ಲುಜ್ಜಿಸಲೂ ಮಗಳೇ ಬೇಕೆಂಬುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಇದಾದರೂ ಆಸರೆಯಾದೀತೆಂದು ಅವಳ ಆಸೆ.

ಅಪ್ಪ ಬಾಯಿಗಿಟ್ಟರು. ಕೆಂಪು ದೀಪ! ಬ್ರಷ್ಷು ನಿಂತೇ ಹೋಯಿತು.

"ಒತ್ತಡ ಹೆಚ್ಚಾಯಿತು. ಮತ್ತೆ ಪ್ರಯತ್ನಿಸಿ," ಎಂದಿತು ಫೋನು.

ಮತ್ತೆ ಇಟ್ಟರು. ಮತ್ತೆ ನಿಂತಿತು. "ಮತ್ತೆ ಪ್ರಯತ್ನಿಸಿ!"

"ನಿಮ್ಮಮ್ಮ ಇದ್ದಾಗಲೂ ಇಷ್ಟು ಬೈಸ್ಕೊಂಡಿರ್ಲಿಲ್ಲ ಕಣಮ್ಮಾ," ಅಪ್ಪ ನಗಲು ನೋಡಿದರು. ಆಗಲಿಲ್ಲ. ಕಣ್ಣಂಚು ಒದ್ದೆಯಾಯಿತು. "ನನ್ನ ಕೈಗೆ ಇದೆಲ್ಲ ಒಗ್ಗಲ್ಲ, ಬಿಡು," ಎಂದು ಹೋಗಿ ಗೋಡೆಗೆ ಮುಖಮಾಡಿ ಮಲಗಿದರು.

ಅವಳು ಅಂದೇ ಕೂತು ವರದಿ ಬರೆದಳು: 'ಇದು ಗಟ್ಟಿ ಕೈಯವರ ಯಂತ್ರ. ಕೈಲಾಗದವರನ್ನು ಅವಮಾನಿಸುತ್ತದೆ. ಕೊಳ್ಳಬೇಡಿ.' ಆಮೇಲೆ ಅವನಿಗೆ ಫೋನ್ ಮಾಡಿದಳು.

"ನಿಮ್ಮ ಬ್ರಷ್ ನಮ್ಮಪ್ಪನ ಕಣ್ಣಲ್ಲಿ ನೀರು ತರಿಸ್ತು ಕಣ್ರೀ! ಕೊಳ್ಳಬೇಡಿ ಅಂತಲೇ ಬರೆದಿದೀನಿ!"

"ವರದಿ ಯಾವಾಗ ಅಚ್ಚಾಗುತ್ತೆ?" ಎಂದಷ್ಟೇ ಕೇಳಿ ಅವನು ಇಟ್ಟುಬಿಟ್ಟ.

ಅಷ್ಟೇನಾ? ಒಂದು ಸಮಾಧಾನದ ಮಾತೂ ಇಲ್ಲವೇ?

ವಾರ ಕಳೆಯುವಷ್ಟರಲ್ಲಿ ಸಂಪಾದಕರು ಕರೆದರು. "ನಿನ್ನ ವರದಿ ಈ ಸಂಚಿಕೆಗಿಲ್ಲಮ್ಮ. ಆ ಎಂಜಿನಿಯರ್ ಬಂದು, ಸ್ವಲ್ಪ ತಡೀರಿ ಅಂದ್ರು. ಅವರು..."

"ಕೇಳಿದ್ದು ಸಾಕು ಸರ್!"

ಧಡಧಡನೆ ಹೊರಬಂದಳು. ಫೋನ್ ಮಾಡಿದರೆ ಅವನು ಎತ್ತಲೇ ಇಲ್ಲ. 'ಬೆಣ್ಣೆಯಂಥ ಮಾತಾಡಿ ಬೆನ್ನಿಗೆ ಇರಿದನಲ್ಲ! ನಾನೆಂಥ ಪೆದ್ದಿ...' ಕೆಲಸ ಮಾಡಲು ಮನಸ್ಸಾಗದೆ ಮನೆಗೆ ನಡೆದಳು.

ಬಾಗಿಲು ತೆರೆದರೆ ಬಚ್ಚಲಿನಿಂದ ನಗು! ಅಪ್ಪನದು... ಎಷ್ಟು ಕಾಲವಾಗಿತ್ತು ಕೇಳಿ!

ಇಣುಕಿದಳು. ಕನ್ನಡಿಯ ಮುಂದೆ ಅಪ್ಪ, ಪಕ್ಕದಲ್ಲಿ ಅವನು. ಇಬ್ಬರ ಬಾಯಲ್ಲೂ ನೊರೆ. ಅಪ್ಪನ ಬ್ರಷ್ಷಿನ ಹಿಡಿಗೆ ದಪ್ಪ ರಬ್ಬರ್ ಸುತ್ತಿತ್ತು. ಕೈ ನಡುಗುತ್ತಿದ್ದರೂ ಬ್ರಷ್ಷು ನಿಲ್ಲುತ್ತಿರಲಿಲ್ಲ, ಬೈಯುತ್ತಿರಲಿಲ್ಲ.

"ಬಂದ್ಯಾ? ನಿಮ್ಮ ಸಂಪಾದಕರ ಹತ್ರ ವಿಳಾಸ ಇಸ್ಕೊಂಡು, ನೀನು ಆಫೀಸಿಗೆ ಹೋದ ಮೇಲೆ ದಿನಾ ಬರ್ತಾರಮ್ಮ. ಸರಿಯಾಗೋ ತನಕ ಹೇಳ್ಬೇಡಿ ಅಂದಿದ್ರು," ಅಪ್ಪ ಬಾಯಿ ಮುಕ್ಕಳಿಸಿ, ಏನೋ ಅರ್ಥವಾದವರಂತೆ ಒಳಕೋಣೆಗೆ ಸರಿದರು.

"ವರದಿ ತಡೆದಿದ್ದು ನೀವೇ ತಾನೆ?" ಅವಳು ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು.

"ಹೌದು. ನೀವು ಬರೆದಿದ್ದೆಲ್ಲ ನಿಜ, ತಪ್ಪು ನನ್ನದೇ ಅಂತ ಹೇಳಿಕೆ ಕೊಟ್ಟೆ. ಅದನ್ನೂ ಸೇರಿಸಿ ಹಾಕಿ ಅಂದೆ. ಬರೀ ನಿಮ್ಮ ಮಾತಾದ್ರೆ ಕಂಪನಿಯವರು ಸುಳ್ಳು ಅಂದ್ಬಿಡ್ತಾರೆ."

"ಕೆಲಸ ಹೋದ್ರೆ?"

"ಇನ್ನೊಂದು ಹುಡುಕ್ತೀನಿ."

"ನನಗೆ ಮೊದಲೇ ಹೇಳೋಕೇನಾಗಿತ್ತು?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಪರೀಕ್ಷೆ ಮಾಡುವಾಗ ನಡುಗೋ ಕೈಯೊಂದನ್ನೂ ನಾನು ನೆನೆದಿರ್ಲಿಲ್ಲ..."

ಅವಳ ಕೋಪವೆಲ್ಲ ಕಣ್ಣೀರಾಗಿ ಇಳಿಯಿತು. ಆದರೂ ಬಿಡಲಿಲ್ಲ. "ಅಂಗಡೀಲಿ ಸಿಗೋ ಬ್ರಷ್ ಈಗಲೂ ಫೇಲೇ. ಒಂದಕ್ಷರಾನೂ ಬದಲಾಯಿಸಲ್ಲ!"

"ಬದಲಾಯಿಸೋ ಹುಡುಗಿ ಆಗಿದ್ರೆ ನಾನು ಇಷ್ಟಪಡ್ತಾನೇ ಇರ್ಲಿಲ್ಲ."

ಮಾತು ಜಾರಿತ್ತು. ಇಬ್ಬರೂ ಬೆಚ್ಚಿದರು. ಅವನು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ.

"ಬ್ರಷ್ ಸರಿಹೋಯ್ತು," ಅವನು ತಲೆತಗ್ಗಿಸಿದ. "ನಾಳೆಯಿಂದ ಇಲ್ಲಿಗೆ ಬರೋಕೆ ನೆಪ ಇಲ್ಲ."

"ನೆಪ ಯಾಕೆ ಬೇಕು? ಬನ್ನಿ."

ಅವನು ತಲೆಯೆತ್ತಿ ನೋಡಿದ. ಅವಳು ಟವೆಲಿನ ಅಂಚಿನಿಂದ ಅವನ ತುಟಿಯ ಮೇಲಿನ ನೊರೆ ಒರೆಸಿ, ಮೆಲ್ಲಗೆ ತಿದ್ದಿಕೊಂಡಳು:

"ಬನ್ನಿ ಅಲ್ಲ... ಬಾ."