ಪರದೆಯೊಳಗಿನ ಆಡು

"ಅಪ್ಪ, ನರ್ಸಮ್ಮ ಅದನ್ನ ನಮಗೆ ಅಂತ ಕೊಟ್ಟಿದ್ದಲ್ವಾ?" ಚಿಣ್ಣಿ ಕೇಳಿದಳು.

ಅಪ್ಪ ಹೊಸ ಸೊಳ್ಳೆಪರದೆಯ ಕೊನೆಯ ಮೂಲೆಯನ್ನು ಗೂಟಕ್ಕೆ ಕಟ್ಟುತ್ತಿದ್ದ. ಒಳಗೆ ಆಡು ಮಹಾರಾಣಿಯ ಹಾಗೆ ಮಲಗಿ ಮೆಲುಕು ಹಾಕುತ್ತಿತ್ತು.

ಅಪ್ಪನ ಕೆಲಸ ಇಟ್ಟಿಗೆ ಗೂಡಿನಲ್ಲಿ. ಅಲ್ಲಿ ಮಣ್ಣು ತೆಗೆದ ಗುಂಡಿಗಳಲ್ಲೆಲ್ಲ ನೀರು ನಿಂತು, ಸಂಜೆಯಾದರೆ ಊರಿಡೀ ಸೊಳ್ಳೆಗಳದ್ದೇ ಕಾರುಬಾರು. ನರ್ಸಮ್ಮ ಅರ್ಧ ರೇಟಿಗೆ ಪರದೆ ತಂದಾಗ ಅಪ್ಪ ಚೌಕಾಸಿ ಮಾಡಿ ಮಾಡಿ ಒಂದೇ ಒಂದು ಕೊಂಡಿದ್ದ. ಎರಡಾದರೂ ಬೇಕೆಂದ ಅಮ್ಮನಿಗೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಬುದ್ಧಿ ಹೇಳಿದ್ದ.

"ಸೊಳ್ಳೆ ಕಾಟಕ್ಕೆ ಆಡು ಹಾಲು ಕಡಿಮೆ ಮಾಡುತ್ತೆ ಮಗಳೇ. ಅದಕ್ಕೆ ಜ್ವರ ಬಂದ್ರೆ ಡಾಕ್ಟರ್‌ಗೆ ದುಡ್ಡು ಸುರೀಬೇಕು. ನಮಗೆ ಬಂದ್ರೆ ಹೊದ್ದು ಮಲಗಿದ್ರಾಯ್ತು."

ಹೊದ್ದು ಮಲಗುವ ಸರದಿ ಅಪ್ಪನಿಗೇ ಬಂತು. ಸುಡುಬಿಸಿಲಿನಲ್ಲಿ ಮನೆಯ ಕಂಬಳಿಗಳೆಲ್ಲ ಅವನ ಮೇಲಿದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಪೇಟೆಯ ಆಸ್ಪತ್ರೆಯವರು ರಕ್ತ ನೋಡಿ ಮಲೇರಿಯಾ ಎಂದರು. ಡ್ರಿಪ್ಪು, ಮಾತ್ರೆ, ಹೋಗಿಬರಲು ಆಟೋ. ಗೂಡಿನ ಕೂಲಿ ನಿಂತಿತು. ಅಪ್ಪನನ್ನು ನೋಡಿಕೊಳ್ಳಲು ಅಮ್ಮ ತರಕಾರಿ ಮಾರುವುದನ್ನು ಬಿಟ್ಟಳು. ತಮ್ಮನನ್ನು ನೋಡಿಕೊಳ್ಳಲು ಚಿಣ್ಣಿ ಸ್ಕೂಲು ಬಿಟ್ಟಳು. ಆಡು ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ಕೊನೆಗೆ ಅದನ್ನೇ ಮಾರಬೇಕಾಯಿತು. ಕೊಳ್ಳಲು ಬಂದ ವ್ಯಾಪಾರಿ ಅದರ ಮೈ ಸವರಿ ತಲೆದೂಗಿದ. "ಚೆನ್ನಾಗಿ ಸಾಕಿದೀರ ಯಜಮಾನ್ರೇ. ಒಂದು ಸೊಳ್ಳೆ ಕಚ್ಚಿದ ಗುರುತೂ ಇಲ್ಲ."

ಕಂಬಳಿಯೊಳಗಿದ್ದ ಅಪ್ಪ ಗೋಡೆಯ ಕಡೆ ಹೊರಳಿದ.

ಆಡಿನ ದುಡ್ಡೆಲ್ಲ ಔಷಧದಂಗಡಿಯಲ್ಲೇ ಕರಗಿತು. ನರ್ಸಮ್ಮ ಮತ್ತೆ ಬಂದಾಗ ಅಪ್ಪ ಚೌಕಾಸಿಯ ಮಾತೇ ಎತ್ತಲಿಲ್ಲ. ಇನ್ನೊಂದು ಪರದೆ ಕೊಡಿ ಎಂದು ಜೇಬಿಗೆ ಕೈ ಹಾಕಿದವನು, ಬರಿಗೈ ಹೊರಗೆ ತೆಗೆದು, ಮುಂದಿನ ತಿಂಗಳು ನೋಡೋಣ ಎಂದ. ಒಮ್ಮೆ ಬಂದವರಿಗೂ ಮಲೇರಿಯಾ ಮತ್ತೆ ಬರಬಹುದು, ಹುಷಾರು ಎಂದು ಹೇಳಿ ನರ್ಸಮ್ಮ ಪಕ್ಕದ ಮನೆಗೆ ಹೋದರು.

ಅಮ್ಮ ಹಳೆಯ ಪರದೆಯನ್ನೇ ಒಗೆದು, ಕೊಂಬು ತಾಗಿ ಹರಿದಲ್ಲಿ ಹೊಲಿಗೆ ಹಾಕಿ, ನಡುಮನೆಯಲ್ಲಿ ಕಟ್ಟಿದಳು. ಒಗೆದರೂ ಆಡಿನ ವಾಸನೆ ಹೋಗಿರಲಿಲ್ಲ. ಅಮ್ಮ, ಚಿಣ್ಣಿ, ತಮ್ಮ ಒಳಗೆ ಸೇರಿಕೊಂಡರು. ಅಪ್ಪ ಹೊರಗೆ ಚಾಪೆ ಹಾಸಿದ.

"ನೀನೂ ಒಳಗೆ ಬಾ ಅಪ್ಪ."

"ನನಗೆ ಒಂದ್ಸಲ ಬಂದು ಹೋಯ್ತಲ್ಲಮ್ಮ. ಇನ್ನು ಬರಲ್ಲ ಬಿಡು."

ಚಿಣ್ಣಿ ಅವನ ಮುಖ ನೋಡಿದಳು. ನರ್ಸಮ್ಮನ ಮಾತು ಅಪ್ಪನ ಕಿವಿಗೂ ಬಿದ್ದಿತ್ತು.

ಅವಳು ತಮ್ಮನನ್ನು ಅಮ್ಮನ ಕಡೆ ಒತ್ತಿ, ತಾನೂ ಸರಿದು, ಪರದೆಯ ಅಂಚನ್ನು ಮೇಲಕ್ಕೆತ್ತಿ ಹಾಗೆಯೇ ಹಿಡಿದುಕೊಂಡಳು. ಸೊಳ್ಳೆಗಳು ಒಳಗೆ ನುಗ್ಗುವ ಮೊದಲು ಅಪ್ಪ ನುಗ್ಗಲೇಬೇಕಾಯಿತು.