ಕೆಂಪು ಚುಕ್ಕಿ ಆರುವವರೆಗೆ

ಸರ್ವಮಂಗಳಮ್ಮನ ಕಿವಿಯ ಮುಂದೆ ಅಂಟಿಸಿದ್ದ, ಕಡಲೆಕಾಳಿನಷ್ಟು ಗಾತ್ರದ ‘ನುಡಿಸೇತು’ವಿನಲ್ಲಿ ಕೆಂಪು ಚುಕ್ಕಿ ಬೆಳಗಿತು. ಆಕೆ ಕನ್ನಡದಲ್ಲಿ ಹೇಳುತ್ತಲೇ ಹೋದರು. ಹೇಳಿ ಮುಗಿಸಿದ ಮೇಲೆ ಚುಕ್ಕಿ ಆರಿ, ಅದೇ ಮಾತು ಆಕೆಯದೇ ದನಿಯಲ್ಲಿ ಜಾರ್ಜಿಯನ್ ಭಾಷೆಯಾಗಿ ಹೊರಬಂತು. ಟ್ಬಿಲಿಸಿ ನಗರದ ರೊಟ್ಟಿಯಂಗಡಿಯ ದಪ್ಪ ಮೀಸೆಯ ಗುರಾಮ್, ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮಾತೂ ಹಾಗೆಯೇ ಆಕೆಗೆ ಕನ್ನಡವಾಗಿ ಕೇಳಿಸುತ್ತಿತ್ತು.

ಮಾತು ಕೇಳಿಸದಷ್ಟು ದೂರದಲ್ಲಿ, ರಸ್ತೆಯಾಚೆಯ ಬೆಂಚಿನ ಮೇಲಿದ್ದ ಪಶುಪತಿಯವರಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ನುಡಿಸೇತುವನ್ನು ಕಂಡುಹಿಡಿದ ವಿಜ್ಞಾನಿ ಅವರೇ. ಯಂತ್ರ ಅವರದು, ಹೆಂಡತಿ ಅವರವಳು, ನಗು ಮಾತ್ರ ಆ ಮೀಸೆಯವನದು! ಮೈಸೂರಿನ ಮನೆಯಲ್ಲಿ “ಹೂಂ”, “ಊಟಕ್ಕೆ ಬನ್ನಿ” ಎಂಬೆರಡು ಮಾತಿನಲ್ಲಿ ದಿನ ದೂಡುವ ಹೆಂಗಸು ಪ್ರವಾಸಕ್ಕೆ ಬಂದ ವಾರದಲ್ಲೇ ಅರಳು ಹುರಿದಂತೆ ಮಾತನಾಡುತ್ತಿದ್ದರು.

“ಅಂಥದ್ದೇನು ಮಾತು ಅವನ ಹತ್ರ?” ಎಂದು ಸಂಜೆ ಕೇಳಿಯೇಬಿಟ್ಟರು.

“ಏನಿಲ್ಲ. ಬಳ್ಳಾರಿಯವಳು ನಾನು, ಬೆಲ್ಲ ಹಾಕಿದ ಸಾರು ನನಗೆ ಸೇರಲ್ಲ ಅಂದೆ. ಅಡುಗೆಗೆ ಸಿಹಿ ಹಾಕೋದು ಅವನಿಗೂ ಸೇರಲ್ವಂತೆ.”

ಪಶುಪತಿಯವರು ದಂಗಾದರು. “ಇಷ್ಟು ವರ್ಷ ಅದನ್ನೇ ಉಂಡೆಯಲ್ಲೇ! ನನಗ್ಯಾಕೆ ಹೇಳಲಿಲ್ಲ?”

“ಹೇಳೋಕೆ ಬಂದಾಗಲೆಲ್ಲ...”

“ನಾನು ಮನೇಲಿರ್ತಿರಲಿಲ್ಲ ಅಂತೀಯ. ಪ್ರಯೋಗಾಲಯದ ಕೆಲಸ, ಏನು ಮಾಡ್ಲಿ ಹೇಳು?”

“ಹೂಂ,” ಎಂದು ಆಕೆ ಟವೆಲು ಹುಡುಕಲು ಎದ್ದರು.

ನುಡಿಸೇತು ಹೇಳುವವರ ಮಾತು ಪೂರ್ತಿ ಮುಗಿಯುವವರೆಗೆ ಕಾಯುತ್ತದೆ. ಚುಕ್ಕಿ ಕೆಂಪಗಿರುವಷ್ಟು ಹೊತ್ತು, ಕೇಳುವವನು ಎದುರಿಗಿದ್ದವರ ಮುಖ ನೋಡುತ್ತ ಕೂರಬೇಕು. ಪಶುಪತಿಯವರ ಕಣ್ಣಿಗೆ ಇದೊಂದು ದೋಷ. ಅದನ್ನು ನೀಗಿಸಲೆಂದೇ ಅವರು ‘ಊಹಾನುವಾದ’ವನ್ನು ರೂಪಿಸಿದ್ದರು: ಅರ್ಧ ಮಾತು ಕೇಳಿ, ಉಳಿದರ್ಧವನ್ನು ಯಂತ್ರವೇ ಊಹಿಸಿ ನುಡಿದುಬಿಡುವುದು. ಹಾಗಾದರೆ ಆ ಮೀಸೆಯವನು ತಮ್ಮ ಹೆಂಡತಿಯ ಮುಖವನ್ನೇ ನೋಡುತ್ತ ಕೂರುವುದಂತೂ ತಪ್ಪುತ್ತದೆ! ಆಕೆ ಸ್ನಾನಕ್ಕೆ ಹೋದಾಗ ಯಂತ್ರಕ್ಕೆ ಅದನ್ನು ಅಳವಡಿಸಿಟ್ಟರು.

ಮರುದಿನ ಸರ್ವಮಂಗಳಮ್ಮ, “ನಮ್ಮಪ್ಪ ಬದುಕಿದ್ದಾಗ ಒಂದ್ಸಲ...” ಎನ್ನುವಷ್ಟರಲ್ಲೇ ಯಂತ್ರ ಮುಂದಿನದನ್ನು ತಾನೇ ಊಹಿಸಿ ಹೇಳಿತು. ಗುರಾಮ್ ಮುಖ ಸಪ್ಪೆ ಮಾಡಿಕೊಂಡು ಸಂತಾಪ ಸೂಚಿಸಿದ. ಆಕೆ ಹೇಳಹೊರಟಿದ್ದು, ಅಪ್ಪ ಎಮ್ಮೆ ಸವಾರಿ ಮಾಡಲು ಹೋಗಿ ಕೆರೆಗೆ ಬಿದ್ದ ಪ್ರಸಂಗವನ್ನು. ಮತ್ತೆ ಬಾಯಿ ತೆರೆದರೆ ಮತ್ತೆ ಅವಸರದ ಉತ್ತರ. ಆಕೆ ರೊಟ್ಟಿಯನ್ನೂ ಕೊಳ್ಳದೆ ಎದ್ದು ಬಂದರು.

ಪಶುಪತಿಯವರಿಗೆ ಹಾಲು ಕುಡಿದಷ್ಟು ಸಂತೋಷ. “ಯಾಕೆ, ಇವತ್ತು ಇಷ್ಟು ಬೇಗ?”

“ಅವನೂ ನಿಮ್ಮ ಹಾಗೇ ಆಗಿಬಿಟ್ಟ ಕಣ್ರೀ. ‘ನಮ್ಮಪ್ಪ ಬದುಕಿದ್ದಾಗ’ ಅಂದ್ರೆ ಸಾಕು, ಮಾತು ಮುಗಿಸೋಕೇ ಬಿಡಲ್ಲ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪಶುಪತಿಯವರು ವಾದಿಸುತ್ತಿದ್ದರು. ಅವರು ತಲೆ ತಗ್ಗಿಸಿ ಕೈ ಚಾಚಿದರು. “ಇಲ್ಲಿ ಕೊಡು ಅದನ್ನ. ಅವನದೇನೂ ತಪ್ಪಿಲ್ಲ. ಕೆಡಿಸಿದ್ದು ನಾನು.”

ಊಹಾನುವಾದವನ್ನು ಅಳಿಸಿ, ಯಂತ್ರವನ್ನು ಕನ್ನಡದಿಂದ ಕನ್ನಡಕ್ಕೆ ತಿರುಗಿಸಿ, ತಾವೇ ಆಕೆಯ ಕಿವಿಯ ಮುಂದೆ ಅಂಟಿಸಿದರು.

“ನಮ್ಮಿಬ್ಬರಿಗೆ ಇದ್ಯಾಕ್ರೀ?”

“ಅವನಿಗಲ್ಲ, ನನಗೇ ಬೇಕಾಗಿತ್ತು. ನಿಮ್ಮಪ್ಪ ಬದುಕಿದ್ದಾಗ ಏನಾಯ್ತು, ಹೇಳು.”

ಆಕೆ ಅನುಮಾನದಿಂದಲೇ ಶುರುಮಾಡಿದರು. ಪಶುಪತಿಯವರ ತುಟಿ ಎರಡು ಸಲ ಅಲುಗಿತು; ಕೆಂಪು ಚುಕ್ಕಿಯನ್ನು ನೋಡಿ ಎರಡು ಸಲವೂ ಮುಚ್ಚಿಕೊಂಡಿತು. ಅಪ್ಪ ಕೆರೆಗೆ ಬಿದ್ದರು, ಎಮ್ಮೆ ಮಾತ್ರ ಗಂಭೀರವಾಗಿ ದಡ ಸೇರಿತು, ಚುಕ್ಕಿ ಆರಿತು. ಪಶುಪತಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕ ಮೇಲೂ ಹೊಟ್ಟೆಯ ಉರಿ ಪೂರ್ತಿ ಆರಿರಲಿಲ್ಲ.

“ವಾರವೆಲ್ಲ ಅವನಿಗೆ ಹೇಳಿದ್ದೆಯಲ್ಲ, ಅದಷ್ಟೂ ನನಗೆ ಹೇಳಬೇಕು. ಒಂದೂ ಬಿಡಬಾರದು.”

“ಹಾಗಾದರೆ ಸಾರಿನಿಂದಲೇ ಶುರುಮಾಡ್ತೀನಿ,” ಎಂದು ಸರ್ವಮಂಗಳಮ್ಮ ಸೆರಗು ಸರಿಪಡಿಸಿಕೊಂಡು ಕುಳಿತರು. ಕೆಂಪು ಚುಕ್ಕಿ ಮತ್ತೆ ಹೊತ್ತಿಕೊಂಡಿತು.